ಗ್ಲೆನ್ ಹಾರಕ್ಸನ ನೂರ ನಲವತ್ತೆರಡು ಗೋಲು

ಗ್ಲೆನ್ ಹಾರಕ್ಸನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಕ್ಲಬ್ಬಿನವರು ನನ್ನನ್ನು ಕೇಳಿದ್ದರು. ಫುಟ್‌ಬಾಲ್ ಮೈದಾನದಲ್ಲಿ ಜನ ಕೂರುವ ಹೊಸ ಸ್ಟ್ಯಾಂಡಿಗೆ ಅವನ ಹೆಸರಿಡುವ ದಿನ ಹಂಚುವ ಪುಸ್ತಿಕೆಗೆ. ಅವನ ಜೊತೆ ಆಡಿದವರಲ್ಲಿ ಈ ಊರಲ್ಲಿ ಉಳಿದಿರುವವನು ನಾನೊಬ್ಬನೇ. ಎರಡು ವಾರ ಕೂತು ಯೋಚಿಸಿದೆ. ಒಂದು ಒಳ್ಳೆಯ ಮಾತು ಸಿಕ್ಕಿತು: ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ. ಉಳಿದ ಮೂರು ಸಿಗಲಿಲ್ಲ. ಆಗ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ. ಓದಿ ಯಾರಿಗಾದರೂ ಹೊಟ್ಟೆ ಉರಿದರೆ ಉರಿಯಲಿ, ನನ್ನದು ಮೂವತ್ತೇಳು ವರ್ಷ ಉರಿದಿದೆ.

ನಾನು ನೆವಿಲ್ ಕ್ರಾಬ್‌ಟ್ರೀ. ಬ್ರಾಕ್ಸ್‌ಡೆನ್ ಟೌನ್ ತಂಡದಲ್ಲಿ ಎಡಬದಿಯ ಬ್ಯಾಕ್ ಆಗಿ ಇನ್ನೂರ ತೊಂಬತ್ತೊಂದು ಆಟ ಆಡಿದವನು. ಮೂರನೆಯ ನಂಬರಿನ ಅಂಗಿ. ನಮ್ಮದು ಲ್ಯಾಂಕಾಶೈರಿನ ಹತ್ತಿ ಗಿರಣಿಗಳ ಊರು. ನಾನು ಆಡುವ ಹೊತ್ತಿಗೆ ಗಿರಣಿಗಳಿಗೆ ಬೀಗ ಬಿದ್ದಿತ್ತು, ತಂಡ ನಾಲ್ಕನೆಯ ಡಿವಿಜನ್ನಿನಲ್ಲಿ ತೆವಳುತ್ತಿತ್ತು. ಕ್ಲಬ್ಬಿನ ದಾಖಲೆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ, ಗೋಲು ಎಂದು ಬರೆದಿರುವ ಕಡೆ, ಸೊನ್ನೆ ಇದೆ. ಒಂಬತ್ತನೆಯ ನಂಬರಿನ ಹಾರಕ್ಸನ ಹೆಸರಿನ ಮುಂದೆ ನೂರ ನಲವತ್ತೆರಡು ಇದೆ. ಎರಡೂ ಸುಳ್ಳು.

ಇಬ್ಬರೂ ೧೯೭೨ರಲ್ಲಿ, ಹದಿನಾರನೆಯ ವಯಸ್ಸಿಗೆ, ಒಂದೇ ದಿನ ಕ್ಲಬ್ಬಿಗೆ ಸೇರಿದೆವು. ಹೊಸದಾಗಿ ಸೇರಿದವರ ಕೈಗೆ ಆಗ ಚೆಂಡು ಕೊಡುತ್ತಿರಲಿಲ್ಲ, ಬ್ರಶ್ಶು ಕೊಡುತ್ತಿದ್ದರು. ಹಿರಿಯ ಆಟಗಾರರ ಬೂಟಿನ ಕೆಸರು ಕೆರೆದು ಪಾಲಿಶ್ ಹಾಕಬೇಕು, ಸೋಮವಾರ ಜನ ನಿಲ್ಲುವ ಮೆಟ್ಟಿಲುಗಳನ್ನು ಗುಡಿಸಬೇಕು. ಒಬ್ಬೊಬ್ಬರಿಗೆ ಆರಾರು ಜೊತೆ ಬೂಟು. ನಾನು ನನ್ನ ಆರು ಜೊತೆಯನ್ನು ಕನ್ನಡಿ ಮಾಡಿ ಇಡುತ್ತಿದ್ದೆ. ಹಾರಕ್ಸ್ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ನಾಯಕ ಒಳಗೆ ಬರುವ ಸದ್ದಾದ ಕೂಡಲೇ ಎದ್ದು, ನಾನು ಉಜ್ಜಿಟ್ಟ ಜೊತೆಯನ್ನು ಎತ್ತಿ ಅವನ ಕೈಗೆ ಕೊಟ್ಟು ಭೇಷ್ ಎನ್ನಿಸಿಕೊಳ್ಳುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ನನಗೆ ಆಗಲೇ ತಿಳಿಯಬೇಕಿತ್ತು. ನಾನು ನಕ್ಕು ಮುಂದಿನ ಜೊತೆ ಕೈಗೆತ್ತಿಕೊಂಡೆ.

ಹದಿನೆಂಟಕ್ಕೆ ಮೊದಲ ಗೋಲು ಹೊಡೆದ. ಆಮೇಲೆ ನಿಲ್ಲಲಿಲ್ಲ. ಅವನ ಆಟ ನೋಡಿ ಮೆಚ್ಚಬೇಕಾದದ್ದೇನೂ ಇರಲಿಲ್ಲ. ಓಡುತ್ತಿರಲಿಲ್ಲ, ಹಿಂದೆ ಬಂದು ಚೆಂಡು ಕಸಿಯುತ್ತಿರಲಿಲ್ಲ, ಪಕ್ಕದವನು ಒಂಟಿಯಾಗಿ ನಿಂತು ಕೈ ಬೀಸಿದರೂ ಕೊಡುತ್ತಿರಲಿಲ್ಲ. ಗೋಲಿನ ಮುಂದಿನ ಆರು ಗಜದಲ್ಲಿ ಮೊಣಕೈ ಅಗಲಿಸಿ ನಿಂತಿರುತ್ತಿದ್ದ. ನಾವು ಹತ್ತು ಜನ ಕೆಸರಲ್ಲಿ ಬಿದ್ದೆದ್ದು ಚೆಂಡನ್ನು ಅಲ್ಲಿಯ ತನಕ ಮುಟ್ಟಿಸಿದರೆ, ಅವನು ಹಣೆ ತಗುಲಿಸಿ, ಎರಡೂ ಕೈ ಎತ್ತಿ, ನಮ್ಮ ಕಡೆ ಬೆನ್ನು ಹಾಕಿ ಜನರ ಕಡೆ ಓಡುತ್ತಿದ್ದ. ತಲೆಯ ಕೆಲಸಕ್ಕೆ ಮಾತ್ರ ಅವನು ಬೆವರು ಸುರಿಸುತ್ತಿದ್ದ. ಸ್ಟ್ಯಾಂಡಿನ ಕೆಳಗೆ ಹಗ್ಗಕ್ಕೆ ಒದ್ದೆ ಚರ್ಮದ ಚೆಂಡು ಕಟ್ಟಿ, ಮಧ್ಯಾಹ್ನವೆಲ್ಲ ನೂರು, ಇನ್ನೂರು ಸಲ ಹಣೆಯಿಂದ ಗುದ್ದುತ್ತಿದ್ದ. ಹಗ್ಗ ಹಿಡಿಯುತ್ತಿದ್ದವನು ನಾನು. ಆ ಚೆಂಡು ನೆನೆದರೆ ಇಟ್ಟಿಗೆ. ಪ್ರತಿ ಗುದ್ದಿಗೂ ನನ್ನ ಕೈ ಅದುರುತ್ತಿತ್ತು.

ಇನ್ನು ನನ್ನ ಅಮ್ಮನ ವಿಷಯ ಹೇಳಬೇಕು, ಈ ಕತೆಯಲ್ಲಿ ಸೋತವಳು ಅವಳು. ಹೆಸರು ಹಿಲ್ಡಾ. ನಮ್ಮ ಟ್ಯಾನರಿ ಲೇನ್ ಮೈದಾನದ ಮೂರನೆಯ ಗೇಟಿನಲ್ಲಿ ಹತ್ತೊಂಬತ್ತು ವರ್ಷ ಕೂತಳು. ಕಬ್ಬಿಣದ ತಿರುಗುವ ಗೇಟು, ಅದರ ಪಕ್ಕ ಒಬ್ಬರು ಕೂರುವಷ್ಟು ಇಟ್ಟಿಗೆಯ ಗೂಡು. ದುಡ್ಡು ತೆಗೆದುಕೊಂಡು ಕಾಲಲ್ಲಿ ಪೆಡಲ್ ಒತ್ತಿದರೆ ಒಬ್ಬ ಒಳಗೆ. ಆಟ ಶುರುವಾದ ಮೇಲೂ ತಡವಾಗಿ ಬರುವವರಿರುತ್ತಾರೆ, ಕೊನೆಗೆ ಹೊರಹೋಗುವ ಬಾಗಿಲು ತೆಗೆಯುವುದೂ ಅವಳ ಕೆಲಸವೇ. ಹೀಗಾಗಿ ಗೂಡು ಬಿಟ್ಟು ಏಳುವಂತಿರಲಿಲ್ಲ. ಸ್ವಂತ ಮಗ ಗೋಡೆಯಾಚೆ ಆಡುತ್ತಿದ್ದರೂ ಅವಳು ಒಂದು ಆಟವನ್ನೂ ನೋಡಿದವಳಲ್ಲ. ಜನ ಕೂಗುವುದು ಕೇಳಿಸುತ್ತಿತ್ತು. ಆಮೇಲೆ ಪಿಲ್ಲಿಂಗ್ ಎನ್ನುವವನು ಮೈಕಿನಲ್ಲಿ ಗೋಲು ಹೊಡೆದವನ ಹೆಸರು ಹೇಳುತ್ತಿದ್ದ. ಈ ಪಿಲ್ಲಿಂಗ್ ಪೇಟೆಯಲ್ಲಿ ಔಷಧದ ಅಂಗಡಿ ಇಟ್ಟವನು. ಶನಿವಾರ ಸ್ಟ್ಯಾಂಡಿನ ಛಾವಣಿಯ ಕೆಳಗೆ ಮರದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು, ಮಾತ್ರೆ ಎಷ್ಟು ಹೊತ್ತಿಗೆ ನುಂಗಬೇಕೆಂದು ಹೇಳುವ ದನಿಯಲ್ಲೇ ಗೋಲನ್ನೂ ಹೇಳುತ್ತಿದ್ದ.

ಅಮ್ಮನಿಗೆ ಇದ್ದದ್ದು ಒಂದೇ ಆಸೆ. ಪಿಲ್ಲಿಂಗ್ ಒಂದು ಸಲ ಕ್ರಾಬ್‌ಟ್ರೀ ಅನ್ನಬೇಕು. ಅದನ್ನವಳು ಮುಚ್ಚಿಟ್ಟುಕೊಂಡವಳೂ ಅಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಕೈಗವಸು ಹಾಕಿಕೊಳ್ಳುತ್ತ ಅದೇ ಮಾತು.

"ಇವತ್ತಾದ್ರೂ ಒಂದು ಹೊಡಿಯೋ ನೆವಿ. ಆ ಗೂಡಲ್ಲಿ ಕೂತು ಹಾರಕ್ಸ್, ಹಾರಕ್ಸ್ ಅಂತ ಕೇಳಿ ಕೇಳಿ ಕಿವಿ ತೂತಾಗಿದೆ."

ನಾನು ಬ್ಯಾಕು, ಗೋಲು ತಡೆಯೋದು ನನ್ನ ಕೆಲಸ, ಹೊಡೆಯೋದಲ್ಲ ಎಂದರೆ, ತಡೆದವನ ಹೆಸರನ್ನು ಪಿಲ್ಲಿಂಗ್ ಹೇಳುವುದಿಲ್ಲವಲ್ಲ ಎನ್ನುತ್ತಿದ್ದಳು. ಮೈಕಿನಲ್ಲಿ ಬರಬೇಕೆಂಬ ಈ ಹಟಕ್ಕೆ ಕಾರಣ ನನ್ನ ಅಪ್ಪ. ಆತ ಬಾಯಿಬಡುಕ. ಯುದ್ಧದಲ್ಲಿ ಏನೆಲ್ಲ ಮಾಡಿದೆ, ಗಿರಣಿಯ ಯಜಮಾನನಿಗೆ ಏನೆಲ್ಲ ಅಂದೆ ಎಂದು ಪಬ್ಬಿನಲ್ಲಿ ಕೊಚ್ಚಿಕೊಳ್ಳುವುದೇ ಅವನ ಉದ್ಯೋಗ. ನನಗೆ ಒಂಬತ್ತು ವರ್ಷವಾದಾಗ ಮನೆ ಬಿಟ್ಟು ಹೋದ. ಅಂದಿನಿಂದ, ನಾನು ಇಂಥದ್ದು ಮಾಡಿದೆ ಎಂದು ಯಾರು ಬಾಯಿ ತೆಗೆದರೂ ಅಮ್ಮ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಮಾಡಿದ್ದನ್ನು ಬೇರೆಯವರು ಹೇಳಬೇಕು, ತಾನೇ ಹೇಳಿಕೊಳ್ಳುವವನು ನಿಮ್ಮಪ್ಪನ ಜಾತಿ ಎನ್ನುವುದು ಅವಳ ತೀರ್ಪು.

ಈಗ ಆ ದಿನಕ್ಕೆ ಬರುತ್ತೇನೆ. ೧೯೮೨ರ ಫೆಬ್ರವರಿಯ ಒಂದು ಶನಿವಾರ, ಏಳು ಮೈಲಿಯಾಚೆಯ ಹೇಲ್‌ಶಾ ತಂಡದ ಮೇಲೆ ಆಟ. ನೆರೆಯೂರು ಎಂದ ಮೇಲೆ ಹೇಳಬೇಕೆ, ಮುಖ ಕಂಡರಾಗದು. ಮೂರು ದಿನದಿಂದ ಮಳೆ ಬಿದ್ದು ಮೈದಾನ ಗದ್ದೆಯಾಗಿತ್ತು. ಹಾರಕ್ಸ್ ಒಂಬತ್ತು ಆಟದಿಂದ ಗೋಲು ಕಂಡಿರಲಿಲ್ಲ. ಜನ ಅವನನ್ನು ಬೈಯಲು ಶುರುಮಾಡಿದ್ದರು, ನಮ್ಮ ಬಾಸ್, ಅಂದರೆ ತಂಡದ ಮ್ಯಾನೇಜರ್, ಫ್ರಾಂಕ್ ಟೆಟ್ಲೋ ಅವನನ್ನು ಹೊರಗೆ ಕೂರಿಸುತ್ತಾನೆ ಎಂಬ ಗುಸುಗುಸು ಇತ್ತು. ಅವತ್ತು ಮೊದಲನೆಯ ಡಿವಿಜನ್ನಿನ ಒಂದು ದೊಡ್ಡ ಕ್ಲಬ್ಬಿನವರು ಅವನನ್ನು ನೋಡಲು ಸ್ಟ್ಯಾಂಡಿನಲ್ಲಿ ಬಂದು ಕೂತಿದ್ದರು. ಅದು ನಮಗೆಲ್ಲ ಗೊತ್ತಾದದ್ದು ಆಮೇಲೆ.

ಎಪ್ಪತ್ನಾಲ್ಕನೆಯ ನಿಮಿಷ. ಇಬ್ಬರದೂ ಸೊನ್ನೆ. ನಮ್ಮ ಕಾರ್ನರ್ ಚೆಂಡನ್ನು ಅವರು ಹೊಡೆದು ಹೊರಹಾಕಿದರು, ಅದು ಕೆಸರಿನಲ್ಲಿ ಒಂದು ಸಲ ಪುಟಿದು ನನ್ನ ಮುಂದೆ ಬಂತು. ಗೋಲಿಗೆ ಮೂವತ್ತು ಗಜ. ನಾನು ಎಡಗಾಲಿನವನು, ಬಲಗಾಲು ಇರುವುದು ಬಸ್ಸು ಹತ್ತಲಿಕ್ಕೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದೇ ಬಲಗಾಲಲ್ಲಿ ಒದ್ದೆ. ಕಾಲಿಗೆ ಕೂಡಿದ ಕ್ಷಣವೇ ಗೊತ್ತಾಯಿತು. ಚೆಂಡು ನೆಲದಿಂದ ಒಂದು ಗೇಣಿನ ಎತ್ತರದಲ್ಲಿ, ಅಷ್ಟೂ ಕಾಲುಗಳ ಮಧ್ಯೆ ದಾರಿ ಮಾಡಿಕೊಂಡು ಹೋಯಿತು. ಗೋಲಿನ ಗೆರೆಯ ಮೇಲೆ ಹಾರಕ್ಸ್ ನಿಂತಿದ್ದ. ಚೆಂಡು ತನ್ನ ಮೊಣಕಾಲಿಗೆ ಬಡಿಯುತ್ತದೆಂದು ಕಂಡು ಕಾಲು ಎತ್ತಿ ದಾರಿ ಬಿಟ್ಟ. ಬಲೆ ಉಬ್ಬಿತು.

ನನ್ನ ಹಿಂದಿನ ಜನ ನೆವ್, ನೆವ್ ಎಂದು ಕೂಗಿದರು. ನಾನು ಕಂಬದಂತೆ ನಿಂತಿದ್ದೆ. ಗೋಲು ಹೊಡೆದ ಮೇಲೆ ಏನು ಮಾಡಬೇಕೆಂದು ನನಗೆ ಅಭ್ಯಾಸವಿರಲಿಲ್ಲ. ಅದೊಂದು ನನ್ನ ತಪ್ಪು, ಒಪ್ಪುತ್ತೇನೆ. ಅಷ್ಟರಲ್ಲಿ ಹಾರಕ್ಸ್ ಎರಡೂ ಕೈ ಎತ್ತಿ ಓಡುತ್ತಿದ್ದ. ಛಾವಣಿಯ ಕೆಳಗೆ ಕೂತ ಪಿಲ್ಲಿಂಗನಿಗೆ ಕೆಸರು ಮೆತ್ತಿದ ಹನ್ನೊಂದು ಮೈಯಲ್ಲಿ ಕಂಡದ್ದು ಆ ಎರಡು ಕೈ.

"ಬ್ರಾಕ್ಸ್‌ಡೆನ್ ಪರವಾಗಿ ಗೋಲು, ಒಂಬತ್ತನೆಯ ನಂಬರು, ಗ್ಲೆನ್ ಹಾರಕ್ಸ್," ಎಂದು ಮೈಕು ಹೇಳಿತು.

ಆಟ ಒಂದು-ಸೊನ್ನೆಯಲ್ಲೇ ಮುಗಿಯಿತು. ಆಗೆಲ್ಲ ಆಟದ ನಂತರ ಹನ್ನೊಂದು ಜನವೂ ಇಳಿಯುವಂಥ ಒಂದೇ ದೊಡ್ಡ ಬಿಸಿನೀರಿನ ತೊಟ್ಟಿ. ನಾನು ಅವನ ಪಕ್ಕ ಹೋಗಿ ಕೂತೆ.

"ನಿಂಗೆ ತಾಗ್ಲಿಲ್ಲ ಕಣೋ. ಕಾಲೆತ್ತಿ ದಾರಿ ಬಿಟ್ಟೆ. ನಾನು ನೋಡಿದೀನಿ."

"ಬೂಟಿನ ಲೇಸಿಗೆ ತಾಗ್ತು."

"ನನ್ನ ಮುಖ ನೋಡ್ಕೊಂಡು ಹೇಳು."

ಅವನು ಮುಖಕ್ಕೆ ಸೋಪು ಹಚ್ಚಿಕೊಂಡ. "ಒಂಬತ್ತು ಆಟ ಆಗಿತ್ತು ಗೋಲಿಲ್ದೆ. ಮೇಲ್ಗಡೆ ಯಾರು ಕೂತಿದ್ರು ಗೊತ್ತಾ ನಿಂಗೆ? ನೀನು ಬ್ಯಾಕು ಮಗಾ. ಒಂದು ಗೋಲು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

ತೊಟ್ಟಿಯಲ್ಲಿದ್ದವರೆಲ್ಲ ನಕ್ಕರು. ಹೊರಗೆ ಬಾಗಿಲ ಹತ್ತಿರ ಊರಿನ ಪತ್ರಿಕೆಯವನು ನಿಂತಿದ್ದ. ಶನಿವಾರ ಸಂಜೆ ಬರುವ ಗುಲಾಬಿ ಬಣ್ಣದ ಆಟದ ಪುರವಣಿಗೆ ಅವನು ಐದು ಗಂಟೆಯೊಳಗೆ ಫೋನು ಮಾಡಿ ಸುದ್ದಿ ಹೇಳಬೇಕು. ಗೋಲು ಯಾರದೆಂದು ಅವನಿಗೂ ಅನುಮಾನವಿತ್ತು. ಹಾರಕ್ಸ್ ಲೇಸಿಗೆ ತಾಗಿತು ಎಂದು ಅವನಿಗೂ ಹೇಳಿದ. ಆಮೇಲೆ ಪತ್ರಿಕೆಯವನು ನನ್ನ ಕಡೆ ತಿರುಗಿದ. ಜೊತೆಗಾರನ ಮಾತನ್ನು ಪತ್ರಿಕೆಯವನ ಮುಂದೆ ಸುಳ್ಳು ಮಾಡಬಾರದು, ಬಟ್ಟೆ ಬದಲಿಸುವ ಕೋಣೆಯ ಜಗಳ ಹೊಸಿಲು ದಾಟಬಾರದು. ನಮಗೆ ಬೂಟು ಉಜ್ಜುವ ಕಾಲದಿಂದ ಕಲಿಸಿದ ಪಾಠ ಅದು. ಅಲ್ಲದೆ ಗೋಲನ್ನು ನನ್ನದೆಂದು ಕಿತ್ತುಕೊಂಡರೆ ನಾನೂ ಅಪ್ಪನ ಜಾತಿಯೇ. ಕದ್ದವನೇ ವಾಪಸು ಕೊಡಲಿ ಅನ್ನಿಸಿತು.

"ಅವನ್ನೇ ಕೇಳು," ಅಂದೆ. ಅಷ್ಟು ಹೇಳಿ ಕೆಟ್ಟೆ.

ಸಂಜೆ ಅಮ್ಮ ಆಲೂಗಡ್ಡೆ ಪೈ ಬಡಿಸುತ್ತ ಹೇಳಿದಳು: ಜನ ನೆವ್ ಅಂದದ್ದು ಕೇಳಿಸಿತು, ಗೂಡಿನ ಸ್ಟೂಲಿನಿಂದ ಎದ್ದೇ ನಿಂತಿದ್ದೆ, ಆಮೇಲೆ ಪಿಲ್ಲಿಂಗ್ ಹಾರಕ್ಸ್ ಅಂದ, ಮತ್ತೆ ಕೂತೆ. ಹೇಳಿಬಿಡಬಹುದಿತ್ತು. ಆದರೆ ನನ್ನ ಬಾಯಿಂದ ಕೇಳಿದರೆ ಅವಳು ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಮುಂದಿನ ವಾರ ಪಿಲ್ಲಿಂಗನ ಬಾಯಿಂದಲೇ ಕೇಳಲಿ ಎಂದು ನುಂಗಿಕೊಂಡೆ.

ಸೋಮವಾರ ಟೆಟ್ಲೋನ ಕೋಣೆಗೆ ಹೋದೆ. ಅವನು ಪೈಪು ಕೆರೆಯುತ್ತ ಎಲ್ಲ ಕೇಳಿದ. "ಇಬ್ರು ನಂದು ನಂದು ಅಂದ್ರೆ ಫಾರ್ವರ್ಡಿಗೇ ಹೋಗುತ್ತೆ ನೆವ್. ಅದು ಅವರ ಹೊಟ್ಟೆಪಾಡು. ಹಾರಕ್ಸೇ ಬಂದು ನಂದಲ್ಲ ಬಾಸ್ ಅನ್ಲಿ, ಮುಂದಿನ ಆಟದಲ್ಲೇ ಪಿಲ್ಲಿಂಗ್ ಹತ್ರ ಮೈಕಲ್ಲಿ ತಿದ್ದಿ ಹೇಳಿಸ್ತೀನಿ."

ಹಾರಕ್ಸ್ ಹೋಗಲಿಲ್ಲ. ನಮ್ಮ ಮೈದಾನದಲ್ಲಿ ಮುಂದಿನ ಆಟ ಬರುವ ಮೊದಲೇ ದೊಡ್ಡ ಕ್ಲಬ್ಬು ಅವನನ್ನು ಕೊಂಡುಕೊಂಡಿತು.

ಅಲ್ಲಿ ಅವನ ಬಂಡವಾಳ ಬಯಲಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಮೊದಲ ವಾರವೇ ಹಳದಿ ಬಣ್ಣದ ಕಾರು ಕೊಂಡು ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡ. ಅಲ್ಲಿಯ ಬ್ಯಾಕುಗಳು ಅವನ ಮೊಣಕೈಗೆ ಹೆದರುವವರಲ್ಲ, ಅವನಿಗಾಗಿ ಕೆಸರಲ್ಲಿ ಬೀಳುವ ಹತ್ತು ಕತ್ತೆಗಳೂ ಅಲ್ಲಿರಲಿಲ್ಲ. ಮೂವತ್ತೊಂದು ಆಟ, ನಾಲ್ಕು ಗೋಲು. ಸ್ವಂತ ಜನವೇ ಅವನಿಗೆ ಛೀ ಥೂ ಎಂದರು. ಭಾನುವಾರದ ಪತ್ರಿಕೆಯಲ್ಲಿ ಅವನು ಅವಕಾಶ ಕೆಡಿಸಿದ ಸುದ್ದಿ ಓದಿದಾಗ ನನಗೆ ಚಹಾ ರುಚಿಸುತ್ತಿತ್ತು. ಯಾಕೆ ಸುಳ್ಳು ಹೇಳಲಿ. ಮುಂದಿನ ಐದು ವರ್ಷದಲ್ಲಿ ಮೂರು ಕ್ಲಬ್ಬು ಅವನನ್ನು ಕೊಂಡು ಮಾರಿದವು, ಒಂದಕ್ಕಿಂತ ಒಂದು ಚಿಕ್ಕದು. ಕೊನೆಗೆ ಬಂದು ಬಿದ್ದದ್ದು ಹೇಲ್‌ಶಾಗೆ.

ಹೇಲ್‌ಶಾ ಅಂಗಿ ಹಾಕಿಕೊಂಡು ಟ್ಯಾನರಿ ಲೇನಿಗೆ ಬಂದು ನಮ್ಮ ಮೇಲೆಯೇ ಗೋಲು ಹೊಡೆದ. ಹೊಡೆಯಲಿ, ಅದು ಅವನ ಕೆಲಸ. ಆದರೆ ಹಳೆಯ ಕ್ಲಬ್ಬಿನ ಮೇಲೆ ಗೋಲು ಹೊಡೆದವನು ಕೈ ಕೆಳಗಿಟ್ಟು, ತಲೆ ತಗ್ಗಿಸಿ ನಡೆದು ಹೋಗಬೇಕು. ಬೆಳೆಸಿದ ಊರಿಗೆ ತೋರುವ ಮರ್ಯಾದೆ ಅದು. ಇವನು ನಮ್ಮ ಜನರ ಮುಂದೆ ಓಡಿ ಬಂದು, ಈಗ ಬೈಯಿರಿ ನೋಡೋಣ ಎಂಬಂತೆ ಕಿವಿಗೆ ಕೈ ಹಿಡಿದ. ಜನ ತಿನ್ನುತ್ತಿದ್ದ ಬಿಸಿ ಮಾಂಸದ ಪೈಗಳು ಹಾರಿದವು. ಒಂದು ಅವನ ಕೊರಳಿಗೆ ಬಡಿದು ಮಾಂಸದ ರಸ ಅಂಗಿಯೊಳಗೆ ಇಳಿಯಿತು. ಎಸೆದವರು ಯಾರೆಂದು ಪೊಲೀಸರಿಗೆ ಇವತ್ತಿನ ತನಕ ತಿಳಿದಿಲ್ಲ. ನನಗೆ ತಿಳಿದಿದೆ. ನಾನು ಆಗಲೇ ಮೊಣಕಾಲು ಕೆಟ್ಟು ಆಟ ಬಿಟ್ಟಿದ್ದೆ, ಅಂಚೆ ಹಂಚುವ ಕೆಲಸದಲ್ಲಿದ್ದೆ, ಶನಿವಾರ ಮಧ್ಯಾಹ್ನ ಬಿಡುವಿತ್ತು.

ಇಷ್ಟಾದ ಮೇಲೂ ೧೯೮೮ರಲ್ಲಿ ನಮ್ಮ ಕ್ಲಬ್ಬು ಅವನನ್ನು ವಾಪಸು ಕರೆಸಿತು. ಮೊದಲ ಶನಿವಾರ ಜನ ಅವನಿಗೆ ಬೆನ್ನು ತಿರುಗಿಸಿ ನಿಂತರು. ಎರಡನೆಯ ಶನಿವಾರ ಒಂದು ಗೋಲು ಹೊಡೆದ, ಅರ್ಧ ಜನ ಈ ಕಡೆ ತಿರುಗಿದರು. ಮೂರನೆಯ ಶನಿವಾರ ಎರಡು ಹೊಡೆದ. ಪೈ ಎಸೆದಿದ್ದ ಬಾಯಿಗಳೇ ಅವನ ಹೆಸರಿನಲ್ಲಿ ಹಾಡು ಕಟ್ಟಿದವು. ನಮ್ಮ ಊರಿನ ಮಾನ ಮರ್ಯಾದೆಯ ಆಯಸ್ಸು ಅಷ್ಟೇ.

ಕ್ಲಬ್ಬಿನ ಹಳೆಯ ದಾಖಲೆ ನೂರ ನಲವತ್ತೊಂದು ಗೋಲು, ಯುದ್ಧಕ್ಕೆ ಮುಂಚೆ ಆಡಿ ತೀರಿಹೋದ ಯಾರೋ ಒಬ್ಬ ಪುಣ್ಯಾತ್ಮನದು. ೧೯೯೧ರ ಏಪ್ರಿಲಿನಲ್ಲಿ ಹಾರಕ್ಸ್ ಒಂದು ಪೆನಾಲ್ಟಿ ಹೊಡೆದು ಅದನ್ನು ಮುರಿದ, ಅದೇ ಅವನ ಕೊನೆಯ ಗೋಲು. ಲೆಕ್ಕ ನೋಡಿ: ನನ್ನ ಗೋಲು ತೆಗೆದರೆ ಅವನದೂ ನೂರ ನಲವತ್ತೊಂದೇ. ನಾನು ಆಟಗಾರರ ಬಾಗಿಲ ಹೊರಗೆ ಕಾದು ನಿಂತೆ. ಅವನು ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೊರಬಂದ.

"ನೂರ ನಲವತ್ತೊಂದು, ಗ್ಲೆನ್. ಒಂದು ನಂದು."

"ಪುಸ್ತಕದಲ್ಲಿ ಏನಿದೆ ಅಂತ ನೋಡ್ಕೋ." ಕಾರಿನ ಬಾಗಿಲು ತೆಗೆದು, ಒಳಗೆ ಕೂರುವ ಮುಂಚೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನ ಜೀವನದಲ್ಲಿ ಇನ್ನೇನೂ ಇಲ್ವೇನೋ?"

ನನಗೆ ಹೆಂಡತಿಯಿದ್ದಳು, ಇಬ್ಬರು ಹೆಣ್ಣುಮಕ್ಕಳಿದ್ದರು, ಮುನ್ನೂರು ಮನೆ ನಂಬಿಕೊಂಡ ಅಂಚೆ ಚೀಲವಿತ್ತು. ಕಾರು ಹೋದ ಮೇಲೆ ಎಲ್ಲ ನೆನಪಾಯಿತು.

ಆಮೇಲೆ ಅವನು ಪೇಟೆಯ ಮೂಲೆಯಲ್ಲಿ ಪಬ್ಬು ಇಟ್ಟ. ಗೋಡೆಯ ತುಂಬ ಅವನ ಫೋಟೋಗಳು. ಬಾಗಿಲ ಎದುರಿಗೇ ದೊಡ್ಡದೊಂದು: ಕೆಸರಿನಲ್ಲಿ ಕೈಯೆತ್ತಿ ಓಡುತ್ತಿರುವ ಹಾರಕ್ಸ್, ಹಿಂದೆ ದೂರದಲ್ಲಿ ಹೆಬ್ಬೆರಳಿನಷ್ಟು ಗಾತ್ರದಲ್ಲಿ ನಿಂತಿರುವ ನಾನು. ಕೆಳಗೆ ಹೇಲ್‌ಶಾ, ೧೯೮೨ ಎಂದು ಬರೆದಿತ್ತು. ಆ ಬೀದಿ ನನ್ನ ಪಾಳಿಗೆ ಸೇರಿದ್ದು. ಇಪ್ಪತ್ತು ವರ್ಷ, ಭಾನುವಾರ ಬಿಟ್ಟು ಪ್ರತಿದಿನ, ಆ ಫೋಟೋದ ಕೆಳಗೆ ನಿಂತು ಅವನ ಕಾಗದಗಳನ್ನು ಕೊಟ್ಟಿದ್ದೇನೆ. ಒಂದು ದಿನವೂ ಒಂದು ಲೋಟ ನೀರು ಕುಡಿಯಲಿಲ್ಲ.

ಅರವತ್ತು ತುಂಬುವ ಮುಂಚೆಯೇ ಅವನಿಗೆ ಮರೆವು ಶುರುವಾಯಿತು. ಮೊದಲು ಗಿರಾಕಿಗಳ ಹೆಸರು, ಆಮೇಲೆ ಪಂಪಿನಿಂದ ಬಿಯರ್ ಹಿಡಿಯುವುದು, ಆಮೇಲೆ ಹೆಂಡತಿ ಲಿನೆಟ್ ಯಾರು ಎನ್ನುವುದು. ಚೆಂಡಿಗೆ ಹಣೆ ಕೊಟ್ಟು ಕೊಟ್ಟು ಹೀಗಾಗಿದೆ ಎಂದರು ಡಾಕ್ಟರು. ಸ್ಟ್ಯಾಂಡಿನ ಕೆಳಗಿನ ಆ ಹಗ್ಗ ನನ್ನ ಕೈಯಲ್ಲಿ ಅದುರಿದ್ದು ನೆನಪಾಯಿತು. ಪಬ್ಬು ಮುಚ್ಚಿತು. ಊರೆಲ್ಲ ಪಾಪ ಗ್ಲೆನ್, ಪಾಪ ಗ್ಲೆನ್ ಎನ್ನತೊಡಗಿತು. ನನಗೆ ಪಾಪ ಅನ್ನಿಸಲಿಲ್ಲ. ಕಾಯಿಲೆ ಬಂದ ಮಾತ್ರಕ್ಕೆ ಕಳ್ಳ ಸಂತನಾಗುವುದಿಲ್ಲ. ಒಂದು ಬೆಳಿಗ್ಗೆ ಅವನು ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಬಂದು ಮೈದಾನದ ಗೇಟಿನ ಮುಂದೆ ನಿಂತಿದ್ದ. ನನ್ನ ದಾರಿ ಅದೇ ಆಗಿದ್ದರಿಂದ ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಹೊರಟೆ. ನಾನು ಯಾರೆಂದು ಗೊತ್ತೇ ಎಂದೆ. ಗೊತ್ತಿಲ್ಲ. ತನ್ನ ಮನೆ ಯಾವುದು? ಗೊತ್ತಿಲ್ಲ. ಆಗ, ಹೇಲ್‌ಶಾ ಮೇಲೆ ಎಪ್ಪತ್ನಾಲ್ಕನೆಯ ನಿಮಿಷದ್ದು ಯಾರ ಗೋಲು ಎಂದು ಕೇಳಿದೆ.

"ಲೇಸಿಗೆ ತಾಗ್ತು," ಅಂದ.

ಅವನ ತಲೆಯಿಂದ ಹೆಂಡತಿ ಹೋದಳು, ಮನೆ ಹೋಯಿತು, ಸ್ವಂತ ಬಾಗಿಲ ನಂಬರು ಹೋಯಿತು, ಆ ಸುಳ್ಳು ಮಾತ್ರ ಗಟ್ಟಿಯಾಗಿ ಕೂತಿತ್ತು. ಅವನನ್ನು ಲಿನೆಟ್‌ಗೆ ಒಪ್ಪಿಸಿ, ಆ ದಿನ ಎರಡು ಬೀದಿಯ ಕಾಗದಗಳನ್ನು ತಪ್ಪು ಮನೆಗೆ ಹಾಕಿದೆ.

೨೦೧೯ರ ಆಗಸ್ಟಿನಲ್ಲಿ ಹೊಸ ಸ್ಟ್ಯಾಂಡಿಗೆ ಹೆಸರಿಡುವ ದಿನ ಬಂತು. ಹಳೆಯ ಗೋಡೆ ಕೆಡವಿ ಕಟ್ಟಿದ್ದರು. ನೆನಪಿಗೆಂದು ಮೂರನೆಯ ಗೇಟನ್ನೂ ಅದರ ಗೂಡನ್ನೂ ಮಾತ್ರ ಉಳಿಸಿ, ನೀಲಿ ಬಣ್ಣ ಬಳಿದಿದ್ದರು. ಅಮ್ಮನಿಗೆ ಆಗ ಎಂಬತ್ತೊಂಬತ್ತು. ಕಾಲು ಹೋಗಿದ್ದವು, ಕಿವಿ, ಬಾಯಿ, ಬುದ್ಧಿ ಮೂರೂ ಚುರುಕು. ಕ್ಲಬ್ಬಿನ ಅತಿ ಹಿರಿಯ ಕೆಲಸದವಳೆಂದು ಅವಳಿಗೂ ಕರೆ ಬಂದಿತ್ತು. ಮುಂದಿನ ಸಾಲಿನಲ್ಲಿ ಜಾಗ ಕೊಟ್ಟರೆ ಒಪ್ಪಲಿಲ್ಲ, ತನ್ನ ಗೂಡಿನ ಪಕ್ಕವೇ ಗಾಲಿಕುರ್ಚಿ ನಿಲ್ಲಿಸು ಎಂದಳು. ಅಲ್ಲಿಂದ ಮೈದಾನ ಕಾಣುವುದಿಲ್ಲ ಎಂದೆ. ಯಾವತ್ತು ಕಾಣುತ್ತಿತ್ತು ಎಂದಳು. ಅವಳನ್ನಲ್ಲಿ ಬಿಟ್ಟು, ನಾನು ಗೋಡೆಯ ಸಂದಿನಲ್ಲಿ ನಿಂತು ಒಳಗೆ ನೋಡುತ್ತಿದ್ದೆ.

ಲಿನೆಟ್ ಅವನ ಕೈ ಹಿಡಿದು ಮೈದಾನದ ಮಧ್ಯಕ್ಕೆ ಕರೆತಂದಳು. ಮೂರು ಸಾವಿರ ಜನ ಎದ್ದು ಹಾಡಿದರು. ಅವನು ಎಲ್ಲಿ ನೋಡಬೇಕೆಂದು ತಿಳಿಯದೆ ಹುಲ್ಲು ನೋಡುತ್ತಿದ್ದ. ಕೈ ಬೀಸಿದರೆ ಸಾಕು ಎಂದು ಹೇಳಿ ಕರೆತಂದಿದ್ದರಂತೆ. ಆದರೆ ಕ್ಲಬ್ಬಿನ ಅಧ್ಯಕ್ಷನಿಗೆ ಹುಮ್ಮಸ್ಸು ತಡೆಯಲಿಲ್ಲ. ಬೋಳುತಲೆ, ಡೊಳ್ಳುಹೊಟ್ಟೆ, ಥೇಟ್ ನಮ್ಮ ಹಳೆಯ ಟೆಟ್ಲೋನ ಆಕಾರ. ಮೈಕು ಹಿಡಿದು, ನೂರ ನಲವತ್ತೆರಡರಲ್ಲಿ ನಿಮಗೆ ಮರೆಯಲಾಗದ ಗೋಲು ಯಾವುದು ಗ್ಲೆನ್ ಎಂದು ಕೇಳಿ, ಅದನ್ನವನ ಬಾಯಿಗೆ ಹಿಡಿದ.

ಹಾರಕ್ಸ್ ಅವನ ಮುಖವನ್ನೇ ನೋಡಿದ. ಬೆನ್ನು ನೆಟ್ಟಗಾಯಿತು. ತಪ್ಪು ಮಾಡಿದವನು ಬಾಸನ ಕೋಣೆಯಲ್ಲಿ ನಿಲ್ಲುವಂತೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಬಾಸ್, ಹೇಲ್‌ಶಾ ಮೇಲಿಂದು ನಂದಲ್ಲ," ಅಂದ. ಮೈಕಿನಲ್ಲಿ ದನಿ ಸ್ಪಷ್ಟವಾಗಿತ್ತು. "ನಂಗೆ ತಾಗ್ಲಿಲ್ಲ. ನೆವ್ ಕ್ರಾಬ್‌ಟ್ರೀ ಹೊಡೆದಿದ್ದು. ಪಿಲ್ಲಿಂಗ್‌ಗೆ ಹೇಳ್ಬಿಡಿ ಬಾಸ್."

ಯಾರೋ ಪ್ರೀತಿಯಿಂದ ನಕ್ಕರು, ಚಪ್ಪಾಳೆ ಶುರುವಾಯಿತು, ಹಾಡು ಮತ್ತೆ ಎದ್ದಿತು. ಪಿಲ್ಲಿಂಗ್ ಸತ್ತು ಇಪ್ಪತ್ತು ವರ್ಷವಾಗಿದೆ ಎಂದು ಎಲ್ಲರಿಗೂ ಗೊತ್ತು. ಅಧ್ಯಕ್ಷ ಮೈಕು ವಾಪಸು ಎಳೆದುಕೊಂಡು, ಎಂಥ ದೊಡ್ಡ ಮನಸ್ಸು ನೋಡಿ ಎಂದ. ಲಿನೆಟ್ ಅಳುತ್ತ ಅವನನ್ನು ಕರೆದುಕೊಂಡು ಹೋದಳು. ನನಗೆ ಬಂದ ಸಿಟ್ಟು ಹೇಳತೀರದು. ಬುದ್ಧಿ ನೆಟ್ಟಗಿದ್ದಷ್ಟು ದಿನ ನುಂಗಿಕೊಂಡಿದ್ದು, ಅವನ ಮಾತಿಗೆ ಬೆಲೆಯೇ ಇಲ್ಲದ ದಿನ ಕಕ್ಕಿದ್ದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆದರೆ ಮೈಕಿನಲ್ಲಿ ಬಂದಿತ್ತು. ನನ್ನ ಹೆಸರು ಟ್ಯಾನರಿ ಲೇನಿನ ಮೈಕಿನಲ್ಲಿ ಬಂದಿತ್ತು. ಮೊಣಕಾಲು ನೋವು ಮರೆತು ಗೂಡಿನ ಕಡೆ ಓಡಿದೆ.

"ಕೇಳಿಸ್ತಾ ಅಮ್ಮ?"

"ಕೇಳಿಸ್ದೆ ಏನು, ನಂಗೇನು ಕಿವುಡಾ?" ಅವಳ ಕಣ್ಣು ಒದ್ದೆಯಾಗಿತ್ತು. ನನ್ನ ಕೈ ಹಿಡಿದುಕೊಂಡಳು. "ಎಂಥಾ ಆಳು ಹೇಗಾಗ್ಹೋದ ನೋಡು ನೆವಿ. ಪೂರಾ ಅರಳುಮರಳು. ತನ್ನ ಗೋಲನ್ನ ತಗೊಂಡು ನಿಂದು ಅಂತಾನಲ್ಲೋ, ಪಾಪ."

"ಅಮ್ಮಾ, ಅವನು ಹೇಳಿದ್ದು ನಿಜ. ಅದು ನಂದೇ. ನಾನೇ ಹೊಡೆದಿದ್ದು, ಬಲಗಾಲಲ್ಲಿ."

ಬಲಗಾಲು ಎಂದದ್ದು ಕೇಳಿ ಅವಳ ಮುಖ ಬಿಳಿಚಿತು. ಎಡಗಾಲಿನ ಬೂಟು ಮಾತ್ರ ಸವೆಯುತ್ತದೆ ಎಂದು ನನ್ನನ್ನು ಬೈದುಕೊಂಡು ಬೆಳೆಸಿದವಳು ಅವಳು. ನನ್ನ ಹಣೆಯ ಮೇಲೆ ಕೈಯಿಟ್ಟು, ಚೆಂಡು ತಗಲುವ ಜಾಗವನ್ನು ಬೆರಳಿನಿಂದ ಸವರಿದಳು.

"ಎಷ್ಟು ದಿನದಿಂದ ಹೀಗನ್ನಿಸ್ತಿದೆ ನಿಂಗೆ?" ಅಂದಳು.

ಮುಂದಿನ ಗುರುವಾರ ಅವಳೇ ಫೋನು ಮಾಡಿ ಸಮಯ ಗೊತ್ತುಮಾಡಿ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಅಂದರೆ ನಾನೇ ಅವಳ ಕುರ್ಚಿ ತಳ್ಳಿಕೊಂಡು ಹೋದೆ. ನಾಲ್ಕು ರಾತ್ರಿ ಅವಳು ನಿದ್ದೆ ಮಾಡಿರಲಿಲ್ಲ. ನಾನು ಬೇಡವೆಂದಷ್ಟೂ, ಹಾರಕ್ಸನೂ ಹೀಗೇ ಬೇಡ ಅಂದಿದ್ದನಂತೆ, ಲಿನೆಟ್ ಹೇಳಿದಳು ಎನ್ನುತ್ತಿದ್ದಳು. ಡಾಕ್ಟರ್ ಚಿಕ್ಕ ವಯಸ್ಸಿನವನು. ಇವತ್ತು ಯಾವ ವಾರ ಎಂದು ಕೇಳಿದ, ಹೇಳಿದೆ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದ, ಕಳೆದೆ. ಗಡಿಯಾರ ಬರೆಯಿರಿ ಎಂದ, ಬರೆದೆ. ಎಲ್ಲ ಸರಿಯಾಗಿದೆ ಎಂದು ಅವನು ಪೆನ್ನು ಮುಚ್ಚುವಷ್ಟರಲ್ಲಿ ಅಮ್ಮ ಕುರ್ಚಿಯಿಂದ ಮುಂದೆ ಬಾಗಿದಳು.

"ಗೋಲಿನ ವಿಷಯ ಕೇಳಿ ಡಾಕ್ಟ್ರೇ. ಅಲ್ಲೇ ಇರೋದು."

ಅವನು ನಗುತ್ತ ನನ್ನ ಕಡೆ ತಿರುಗಿ, ನೀವು ಕ್ಲಬ್ಬಿಗೆ ಒಟ್ಟು ಎಷ್ಟು ಗೋಲು ಹೊಡೆದಿದ್ದೀರಿ ಮಿಸ್ಟರ್ ಕ್ರಾಬ್‌ಟ್ರೀ ಎಂದು ಕೇಳಿದ. ಅಮ್ಮ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು.

"ಒಂದೂ ಇಲ್ಲ," ಅಂದೆ.

ಅಮ್ಮ ಉಸಿರು ಬಿಟ್ಟಳು. ಡಾಕ್ಟರ್ ಸರಿ ಎಂದು ಗುರುತು ಹಾಕಿಕೊಂಡ.